ಜೀವಕೋಶದ ಸಾವಿನಲ್ಲಿ ಕೊಬ್ಬಿನಾಮ್ಲಗಳ ಪಾತ್ರ

ಬಹುಕಾಲ ತೆರೆದಿಟ್ಟ ಎಣ್ಣೆ ಕಮಟು ವಾಸನೆ ಬೀರುವುದು ಸರ್ವವಿದಿತ. ಗಾಳಿಯ ಆಮ್ಲಜನಕವು ಎಣ್ಣೆಯ ಕೊಬ್ಬಿನಾಮ್ಲಗಳೊಡನೆ ವರ್ತಿಸುವುದೇ ಇದಕ್ಕೆ ಕಾರಣ. ಇಂಥದೇ ಕ್ರಿಯೆ ಜೀವಕೋಶದ ಪೊರೆಗಳಲ್ಲಿ ಹತೋಟಿ ಮೀರಿದರೆ ಕೋಶ ಸಾಯುತ್ತದೆ. ಕಬ್ಬಿಣದ ನೆರವಿನಿಂದ ಸಂಭವಿಸುವ ಈ ಸಾವಿಗೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಹಾಗೂ ಸಂಗಡಿಗರು 2012ರಲ್ಲಿ ‘ಫೆರಾಪ್ಟೋಸಿಸ್’ ಎಂದು ಹೆಸರಿಟ್ಟರು.

1972ರಲ್ಲಿ ಹೆಸರು ಪಡೆದ ‘ಅಪೊಪ್ಟೋಸಿಸ್’ ಇದಕ್ಕಿಂತ ಭಿನ್ನ. ಅಲ್ಲಿ ಕೋಶವು ಕ್ಯಾಸ್ಪೇಸ್ ಎಂಬ ಕಿಣ್ವಗಳ ಮೂಲಕ ತನ್ನನ್ನು ತಾನೇ ಕ್ರಮಬದ್ಧವಾಗಿ ಕಳಚಿಕೊಳ್ಳುತ್ತದೆ. ಫೆರಾಪ್ಟೋಸಿಸ್ಸನ್ನು ಕೋಶದ ಆತ್ಮಹತ್ಯೆ ಎನ್ನುವುದಕ್ಕಿಂತ ದುರಸ್ತಿ ವ್ಯವಸ್ಥೆಯ ಸೋಲು ಎನ್ನುವುದೇ ಸರಿ.

ಪೊರೆಯಲ್ಲಿ ಎಂಥ ಕೊಬ್ಬಿನಾಮ್ಲ ಇದೆ ಎಂಬುದು ಇಲ್ಲಿ ನಿರ್ಣಾಯಕ. ಓಲಿಯಿಕ್ ಆಮ್ಲದ ಸರಪಳಿಯಲ್ಲಿ ಒಂದೇ ದ್ವಿಬಂಧವಿದೆ. ಅದು ಸುಲಭವಾಗಿ ಕೆಡದು. (ಇದರಿಂದ ಇಂಥದೇ ಅಡುಗೆ ಎಣ್ಣೆ ಮೇಲು ಎಂಬ ತೀರ್ಮಾನಕ್ಕೆ ಹಾರುವುದು ಅವಸರವಾದೀತು.) 20 ಇಂಗಾಲ ಪರಮಾಣುಗಳ ಅರಾಕಿಡೋನಿಕ್ ಆಮ್ಲದಲ್ಲಾದರೋ ನಾಲ್ಕು ದ್ವಿಬಂಧಗಳಿವೆ. ಎರಡು ದ್ವಿಬಂಧಗಳ ನಡುವಣ ಇಂಗಾಲಕ್ಕೆ ಅಂಟಿದ ಜಲಜನಕದ ಹಿಡಿತ ಸಡಿಲ. ಅದು ಕಳಚಿದೊಡನೆ ಆಮ್ಲಜನಕ ಬಂದು ಸೇರಿ ಪೆರಾಕ್ಸೈಡ್ ಉಂಟಾಗುತ್ತದೆ. ಕಬ್ಬಿಣ ಅದನ್ನು ಒಡೆದು, ಪಕ್ಕದ ಅಣುಗಳನ್ನೂ ಕೆಡಿಸಬಲ್ಲ ರ್‍ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಕಿಡಿ ದಾಟಿ, ಕೊನೆಗೆ ಪೊರೆಯೇ ಹರಿಯುತ್ತದೆ.

ಅರಾಕಿಡೋನಿಕ್ ಆಮ್ಲ ತಾನಾಗಿ ಪೊರೆಯ ಭಾಗವಾಗದು. ಎಸಿಎಸ್‌ಎಲ್4 ಎಂಬ ಕಿಣ್ವ ಮೊದಲು ಅದನ್ನು ಕೋಎಂಜೈಮ್-ಎ ಅಣುವಿಗೆ ಜೋಡಿಸಿ ಸಜ್ಜುಗೊಳಿಸಬೇಕು. ಈ ಕಿಣ್ವವಿಲ್ಲದ ಕೋಶಗಳು ಫೆರಾಪ್ಟೋಸಿಸ್‌ಗೆ ಸುಲಭವಾಗಿ ತುತ್ತಾಗವು ಎಂಬುದು 2017ರಲ್ಲಿ ಸಿದ್ಧಪಟ್ಟಿತು. ಉಂಟಾದ ಪೆರಾಕ್ಸೈಡನ್ನು ನಿರುಪದ್ರವಿಯಾಗಿಸುವ ಮುಖ್ಯ ಕಾವಲುಗಾರ ಜಿಪಿಎಕ್ಸ್4 ಎಂಬ ಸೆಲೆನಿಯಂಯುಕ್ತ ಕಿಣ್ವ. ಅದರ ಕೆಲಸಕ್ಕೆ ಗ್ಲುಟಾಥಯೋನ್ ಬೇಕು. ವಿಟಮಿನ್ ಇ ಮತ್ತು ಕೋಎಂಜೈಮ್ ಕ್ಯೂ10 ಸಹ ರಕ್ಷಣೆಗೆ ನಿಲ್ಲುತ್ತವೆ.

ರಕ್ತಸಂಚಾರ ಕಡಿದು ಮತ್ತೆ ಮರಳಿದಾಗ ಮೂತ್ರಪಿಂಡ, ಹೃದಯಗಳಿಗಾಗುವ ಹಾನಿಯಲ್ಲಿ ಈ ಸಾವಿನ ಪಾತ್ರವಿರುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಅಲ್ಲಿ ಇದನ್ನು ತಡೆಯಬೇಕು. ಕ್ಯಾನ್ಸರ್ ಗಡ್ಡೆಯಲ್ಲಾದರೆ ಇದನ್ನೇ ಪ್ರಚೋದಿಸಬೇಕು. ತೊಡಕಿರುವುದೂ ಇಲ್ಲಿಯೇ. ವಯಸ್ಕ ಇಲಿಗಳಲ್ಲಿ ಜಿಪಿಎಕ್ಸ್4 ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದಾಗ ಅವು ಮೂತ್ರಪಿಂಡ ವೈಫಲ್ಯದಿಂದ ಸತ್ತುದು 2014ರಲ್ಲಿ ವರದಿಯಾಯಿತು. ಕಾವಲುಗಾರನನ್ನು ತೆಗೆದರೆ ಆರೋಗ್ಯವಂತ ಕೋಶಗಳಿಗೂ ಉಳಿಗಾಲವಿಲ್ಲ. ಇತ್ತ ಕ್ಯಾನ್ಸರ್ ಕೋಶವೂ ಸುಮ್ಮನಿರುವುದಿಲ್ಲ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳು ದುಗ್ಧರಸದಲ್ಲಿ ಸಾಗುವಾಗ ಅಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲವನ್ನು ತಮ್ಮ ಪೊರೆಗೆ ಸೇರಿಸಿಕೊಂಡು ಫೆರಾಪ್ಟೋಸಿಸ್‌ನಿಂದ ಪಾರಾಗುವುದು 2020ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಅಧ್ಯಯನದಿಂದ ತಿಳಿದುಬಂದಿದೆ.