ಕೋವಿಯ ಕೊಬ್ಬು

ಬಂದೂಕಿನ ಚರಿತ್ರೆಯನ್ನು ಬರೆದವರು ಗುಂಡನ್ನು ಕುರಿತು, ಮದ್ದನ್ನು ಕುರಿತು, ನಳಿಗೆಯನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಅದಕ್ಕೆ ಬಳಿಯುವ ಜಿಡ್ಡನ್ನು ಕುರಿತು ಬರೆದವರು ಕಡಮೆ. ಆದರೆ ನಮ್ಮ ದೇಶದಲ್ಲಿ ಈ ಜಿಡ್ಡು ಒಮ್ಮೆ ಗುಂಡಿಗಿಂತ ದೊಡ್ಡ ಸದ್ದು ಮಾಡಿತೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. 1857ರ ಜನವರಿಯಲ್ಲಿ, ಕಲ್ಕತ್ತೆಯ ಬಳಿಯ ಡಂಡಂ ಎಂಬಲ್ಲಿ, ಹೊಸ ಎನ್‌ಫೀಲ್ಡ್ ಬಂದೂಕಿನ ತೋಟಾಗಳಿಗೆ ದನದ ಮತ್ತು ಹಂದಿಯ ಕೊಬ್ಬು ಸವರಿದೆಯೆಂಬ ಮಾತು ಹುಟ್ಟಿತು. ತೋಟಾದ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಸಿಪಾಯಿಗಳಿಗೆ ಇದು ಸಣ್ಣ ಮಾತಾಗಿರಲಿಲ್ಲ. ತುಪ್ಪವನ್ನೋ ಎಣ್ಣೆಯನ್ನೋ ಜೇನುಮೇಣದೊಡನೆ ಬೆರೆಸಿ ತಾವೇ ಹಚ್ಚಿಕೊಳ್ಳಬಹುದೆಂದು ಅಪ್ಪಣೆಯಾಯಿತು. ಅಷ್ಟರಲ್ಲಿ ನಂಬಿಕೆ ಮುರಿದುಹೋಗಿತ್ತು. ಆ ವರ್ಷವೇ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ಬಂದಿತು. ಮುಧೋಳದ ಸೀಮೆಯ ಹಲಗಲಿಯ ಬೇಡರು ಅದಕ್ಕೆ ಮಣಿಯದೆ ಮಡಿದದ್ದನ್ನು ನಮ್ಮ ಲಾವಣಿಕಾರರು ಹಾಡಿದ್ದಾರೆ.

ಇದಾಗಿ ಎರಡೇ ವರ್ಷಕ್ಕೆ, 1859ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಎಂಬ ಊರಿನಲ್ಲಿ ಡ್ರೇಕ್ ಎಂಬಾತನು ನೆಲವನ್ನು ಕೊರೆಸಿ ಕಲ್ಲೆಣ್ಣೆ ತೆಗೆದ. ಹಸುವಿನ ಹಂಗೂ ಹಂದಿಯ ಹಂಗೂ ಇಲ್ಲದ ಜಿಡ್ಡು ಜಗತ್ತಿಗೆ ಬೇಕಾದಷ್ಟು ಸಿಕ್ಕಲು ತೊಡಗಿದ್ದು ಅಲ್ಲಿಂದ ಈಚೆಗೆ. ನಮ್ಮ ಮನೆಮನೆಯ ವ್ಯಾಸಲೀನು ಅದರ ಸಂತಾನ. ಫಿಲಡೆಲ್ಫಿಯಾದ ಹೌಟನ್ ಕಂಪನಿಯ ಕಾಸ್ಮೋಲೀನು ವ್ಯಾಸಲೀನಿನ ದಾಯಾದಿ. ಮೊದಮೊದಲು ಅದೂ ಹುಣ್ಣಿಗೆ ಹಚ್ಚುವ ಮುಲಾಮೇ. ಗಾಯಕ್ಕೆ ಹಚ್ಚುತ್ತಿದ್ದುದನ್ನು ಗಾಯ ಮಾಡುವ ಉಪಕರಣಕ್ಕೆ ಹಚ್ಚಿದರು! ಇಂಗ್ಲಿಷರ ದಂಡು ಇಂಥದನ್ನೇ ಮಿನರಲ್ ಜೆಲ್ಲಿ ಎಂದಿತು. ರಷ್ಯನ್ನರು ತಮ್ಮದಕ್ಕೆ ಇಟ್ಟ ಹೆಸರಿನ ಅರ್ಥ 'ತೋಪಿನ ಕೊಬ್ಬು'. ಕೊಬ್ಬು ಹೋದರೂ ಹೆಸರು ಹೋಗಲಿಲ್ಲ. ಭಾಷೆಯ ಸ್ವಭಾವವೇ ಹಾಗೆ. ನಮ್ಮಲ್ಲಿಯೂ ಬರಿಯ ಕೊಳವೆಯೆಂಬ ಅರ್ಥವಿದ್ದ 'ಕೋವಿ'ಯೇ ಬಂದೂಕಾಯಿತಲ್ಲವೆ?

ಎರಡನೆಯ ಮಹಾಯುದ್ಧದ ಕಾಲಕ್ಕೆ ಈ ಜಿಡ್ಡಿನ ಭಾಗ್ಯ ತೆರೆಯಿತು. ಅಮೆರಿಕದ ಸ್ಯಾವೇಜ್ ಕಂಪನಿಯೊಂದೇ ಬ್ರಿಟನ್ನಿಗಾಗಿ ಹತ್ತು ಲಕ್ಷಕ್ಕೂ ಹೆಚ್ಚು ಲೀ-ಎನ್‌ಫೀಲ್ಡ್ ಕೋವಿಗಳನ್ನು ಮಾಡಿತು. ಉಪ್ಪುಗಾಳಿಯ ಸಮುದ್ರವನ್ನು ದಾಟಬೇಕಾದ ಉಕ್ಕಿಗೆ ಜಿಡ್ಡಿನ ಹೊದಿಕೆಯಿಲ್ಲದಿದ್ದರೆ ಬಂದರು ಸೇರುವಷ್ಟರಲ್ಲಿ ತುಕ್ಕು ಹಿಡಿಯುತ್ತಿತ್ತು. ಯುದ್ಧ ಮುಗಿದ ಮೇಲೆ ಉಳಿದ ಕೋವಿಗಳು ಅದೇ ಜಿಡ್ಡಿನಲ್ಲಿ, ಪೆಟ್ಟಿಗೆಗಳಲ್ಲಿ, ದಶಕಗಟ್ಟಲೆ ಮಲಗಿದುವು. ಹಳೆಯ ಸೈನ್ಯದ ಕೋವಿಗಳ ಆಮದನ್ನು ಅಮೆರಿಕ 1968ರಲ್ಲಿ ತಡೆದು, 1980ರ ದಶಕದಲ್ಲಿ ಸಡಿಲಗೊಳಿಸಿದ ಮೇಲೆ ಅಂಥ ಪೆಟ್ಟಿಗೆಗಳು ಅಲ್ಲಿನ ಅಂಗಡಿಗಳಿಗೆ ಬಂದುವು. ಬಂಗಾಳದ ಇಶಾಪುರದಲ್ಲಿ ಹುಟ್ಟಿದ ಕೋವಿಗಳೂ ಅವುಗಳಲ್ಲಿ ಸೇರಿದ್ದುವು.

ಈ ಜಿಡ್ಡನ್ನು ತೆಗೆಯುವುದೇನೂ ಸುಲಭವಲ್ಲ. ಕಾಲ ಕಳೆದಂತೆ ಅದರಲ್ಲಿನ ತೆಳು ಎಣ್ಣೆ ಆರಿ, ಮೇಣದ ಅಂಶ ಉಳಿದು, ಬೆಲ್ಲದ ಬಣ್ಣದ ಹಕ್ಕಳೆಯಾಗುತ್ತದೆ. ಸುಮಾರು 50 ಡಿಗ್ರಿ ಸೆಲ್ಸಿಯಸ್ ಕಾವು ತಗುಲಿದರೆ ಕರಗುತ್ತದೆ. ಕಬ್ಬಿಣದ ಭಾಗಗಳಿಗೆ ಸೀಮೆಎಣ್ಣೆ ಆದೀತು, ಕುದಿನೀರೂ ಆದೀತು. ಆದರೆ ಜಿಡ್ಡು ಹೋದ ಉಕ್ಕು ಬರಿಮೈಯ ಕೂಸಿನಂತೆ. ಒಡನೆಯೇ ಒರಸಿ ತೆಳುವಾಗಿ ಎಣ್ಣೆ ಹಚ್ಚದಿದ್ದರೆ ಮರುದಿನವೇ ಕೆಂಪು ಮೂಡುತ್ತದೆ. ಬೋಲ್ಟಿನ ಒಳಗಿನ ಜಿಡ್ಡನ್ನು ಮರೆತರೆ ಸೂಜಿ ಮಂದವಾಗಿ ಬಡಿದು ತೋಟಾ ಹಾರುವುದಿಲ್ಲ. ಮರವನ್ನು ಮಾತ್ರ ನೀರಿನಲ್ಲಿ ಅದ್ದಬಾರದು. ಕಪ್ಪು ಹೊದಿಕೆಯಲ್ಲಿ ಸುತ್ತಿ ಬಿಸಿಲಿಗಿಟ್ಟರೆ ಅದು ತಾನಾಗಿ ಬೆವರುತ್ತದೆ; ಒರಸುವುದು, ಮತ್ತೆ ಇಡುವುದು. ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಹಳೆಯ ಮಾದರಿಯ ಲೀ-ಎನ್‌ಫೀಲ್ಡಿನಲ್ಲಿ ಮುಂದಿನ ಮರವನ್ನು ಮೊದಲು ತೆಗೆಯದೆ ಹಿಂದಿನ ಬಟ್ಟನ್ನು ತಿರುಪಿದರೆ, ಒಳಗಿನ ಚೌಕದ ತುದಿ ತಿರುಗಿ ಮುಂದಿನ ಮರ ಸೀಳುತ್ತದೆ. ಆತುರಗಾರರ ಕೈಯಲ್ಲಿ ಹೀಗೆ ಸೀಳಿದ ಮರಗಳಿಗೆ ಲೆಕ್ಕವಿಲ್ಲ.

ನಾನು ಕಾಲೇಜಿನಲ್ಲಿ ಎನ್.ಸಿ.ಸಿ. ಕೆಡೆಟ್ಟಾಗಿದ್ದಾಗ ಕೈಗೆ ಬಂದದ್ದು ಇದೇ ಮನೆತನದ ತ್ರೀ-ನಾಟ್-ತ್ರೀ. ಪುಲ್-ಥ್ರೂ ಎಂಬ ಹಗ್ಗವನ್ನು ಹವಾಲ್ದಾರರು 'ಫುಲ್‌ತ್ರು' ಎನ್ನುತ್ತಿದ್ದರು. ಅದರ ಕುಣಿಕೆಗೆ ಸಿಕ್ಕಿಸುವ ಬಟ್ಟೆಯ ತುಂಡು 'ಚಿಂದಿ'. ನಳಿಗೆಯೊಳಗಿನಿಂದ ಚಿಂದಿ ಬೆಳ್ಳಗೆ ಹೊರಬರುವತನಕ ಎಳೆಯಬೇಕು. ಗುಂಡು ಹಾರಿಸಿದ ಮೇಲೆ ನಳಿಗೆಗೆ ಐದಾರು ಪೈಂಟು ಕುದಿನೀರು ಸುರಿಯುವುದು ಇಂಗ್ಲಿಷರ ದಂಡಿನ ಹಳೆಯ ಪದ್ಧತಿ. ಆ ಕಾಲದ ತೋಟಾದ ಕಿಡಿಮದ್ದು ಉರಿದು ಉಪ್ಪನ್ನು ಬಿಡುತ್ತಿತ್ತು. ಉಪ್ಪು ಎಣ್ಣೆಗೆ ಕರಗದು, ನೀರಿಗೆ ಮಾತ್ರ ಕರಗೀತು. ಅಡುಗೆಮನೆಯ ಈ ಸಣ್ಣ ತಿಳಿವಳಿಕೆಯೇ ಎಷ್ಟೋ ನಳಿಗೆಗಳನ್ನು ಉಳಿಸಿತು.

ನನಗೆ ಇದರಲ್ಲಿ ಕುತೂಹಲ ಹುಟ್ಟುವುದು ಜಿಡ್ಡು ಸರಿದು ಅಕ್ಷರ ಕಾಣುವಲ್ಲಿ. ಪೂಜೆಯ ಎಣ್ಣೆ ಮೆತ್ತಿ ಕಪ್ಪಾದ ಶಾಸನದ ಕಲ್ಲನ್ನು ತೊಳೆದವರಿಗೆ ಈ ಸುಖ ಗೊತ್ತು. ಇಶಾಪುರದ ಹಳೆಯ ಕೋವಿಯಲ್ಲಿ ಮೊದಲು ಕಿರೀಟ, ಅದರಡಿ ಚಕ್ರವರ್ತಿ ಜಾರ್ಜನನ್ನು ಹೇಳುವ ಜಿ.ಆರ್.ಐ., ಆಮೇಲೆ ಊರಿನ ಹೆಸರು, ಇಸವಿ. ಸ್ವಾತಂತ್ರ್ಯಾನಂತರದವುಗಳ ಮೇಲೆ ಅಶೋಕನ ಸಿಂಹ. ಕಾರ್ಖಾನೆಯಲ್ಲಿ ಪೂರ್ತಿ ರಿಪೇರಿಯಾದದ್ದಾದರೆ ಎಫ್.ಟಿ.ಆರ್. ಎಂದು ಮತ್ತೊಂದು ಇಸವಿ. ದೇಗುಲದ ಹಳೆಯ ಶಾಸನದ ಕೆಳಗೆ ಜೀರ್ಣೋದ್ಧಾರ ಮಾಡಿಸಿದವನು ತನ್ನ ಸಾಲನ್ನು ಕೆತ್ತಿಸಿದಂತೆ. ಹೊಳಪಿನ ಆಸೆಗೆ ಉಕ್ಕಿನ ನಾರಿನಿಂದಲೋ ಮರಳುಕಾಗದದಿಂದಲೋ ಉಜ್ಜುವವರು ಇಷ್ಟನ್ನೂ ಅಳಿಸಿಬಿಡುತ್ತಾರೆ. ಅಂಥವರಿಗಿಂತ ಜಿಡ್ಡನ್ನು ಹಾಗೆಯೇ ಬಿಟ್ಟ ಸೋಮಾರಿಗಳೇ ಮೇಲೆಂದು ನನ್ನ ಮತ.

ನಮ್ಮಲ್ಲಿ ತ್ರೀ-ನಾಟ್-ತ್ರೀ ಸಾಮಾನ್ಯ ಜನಕ್ಕೆ ನಿಷಿದ್ಧ. ಅದಕ್ಕೆಂದೇ ಇಶಾಪುರದವರು ಅದೇ ಅಚ್ಚಿನಲ್ಲಿ.315 ಅಳತೆಯ ಬೇಟೆಯ ಕೋವಿಯನ್ನು ಮಾಡಿದರು. ಪೋಲೀಸರ ಕೈಯಲ್ಲಿ ಮಾತ್ರ ಹಳೆಯದು ಬಹುಕಾಲ ಉಳಿಯಿತು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ರೈಲ್ವೆ ನಿಲ್ದಾಣದಲ್ಲಿ ಏ.ಕೆ. ಬಂದೂಕುಗಳ ಎದುರಿಗೆ ನಿಂತ ಪೋಲೀಸರಿಗಿದ್ದ ಆಸರೆ ಅದೇ. ಜಿಡ್ಡು ಕೋವಿಯನ್ನು ಹೊಸದಾಗಿಯೇ ಇಟ್ಟಿರಬಹುದು; ಎದುರಾಳಿಯ ಕೋವಿ ಅಷ್ಟರಲ್ಲಿ ಬೇರೆಯಾಗಿತ್ತು. ಉತ್ತರಪ್ರದೇಶದ ಪೋಲೀಸರು 2020ರ ಜನವರಿ 26ರ ಗಣರಾಜ್ಯೋತ್ಸವದಂದು ಅದನ್ನು ಕೊನೆಯ ಸಲ ಹೆಗಲಿಗೇರಿಸಿ ಬೀಳ್ಕೊಟ್ಟರು.