ನರಗುಂದ ಸಂಸ್ಥಾನ

ಇಂದಿನ ಗದಗ ಜಿಲ್ಲೆಯ ವಾಯವ್ಯ ಭಾಗದಲ್ಲಿ, ಮಲಪ್ರಭೆಯ ದಕ್ಷಿಣಕ್ಕೆ ಹಬ್ಬಿದ ಎರೆಯ ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಕೆಂಗಲ್ಲಿನ ಗುಡ್ಡವೊಂದನ್ನು ಆಶ್ರಯಿಸಿ ಬೆಳೆದು, 1858ರ ಜೂನ್ ತಿಂಗಳಲ್ಲಿ ಅಳಿದುಹೋದ ಕಿರಿಯ ಸಂಸ್ಥಾನವೇ ನರಗುಂದ. ಸುತ್ತಲಿನ ನೆಲವೆಲ್ಲ ಸಮತಟ್ಟಾಗಿರುವುದರಿಂದ ಈ ಗುಡ್ಡವು ಬಹುದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಬಯಲ ಜೋಳ ಹತ್ತಿಗಳ ಸಂಪತ್ತನ್ನು ಕಾಯಬಯಸಿದವರೂ ದೋಚಬಯಸಿದವರೂ ಮೊದಲು ಗುಡ್ಡವನ್ನೇ ಅರಸಿಬಂದದ್ದು ಸಹಜವೇ ಆಗಿದ್ದಿತು.

1674ರ ಸುಮಾರಿಗೆ ಶಿವಾಜಿಯ ಆಳ್ವಿಕೆಯಲ್ಲಿ ಕೋಟೆಯಾಗಿ ಗಟ್ಟಿಗೊಂಡ ಈ ಸ್ಥಳವು 18ನೆಯ ಶತಮಾನದಲ್ಲಿ ಭಾವೆ ಮನೆತನದ ವಶವಾಯಿತು. ಗುಡ್ಡದ ಮಗ್ಗುಲಿನ ವೆಂಕಟೇಶ ದೇವಾಲಯವು ಈ ಮನೆತನದ ಭಕ್ತಿಯ ಕುರುಹು. 1778ರಲ್ಲಿ ಹೈದರಾಲಿಗೆ ತಲೆಬಾಗಿ ಕಪ್ಪ ಕೊಡಲೊಪ್ಪಿದ ಸಂಸ್ಥಾನದಿಂದ ಟೀಪು ಸುಲ್ತಾನನು ಹೆಚ್ಚಿನ ಹಣವನ್ನು ಕೇಳಲಾಗಿ, ಒಡೆಯನಾದ ವೆಂಕಟರಾಯನು ಪುಣೆಯ ನೆರವನ್ನು ನಂಬಿ ಎದುರು ನಿಂತನು; 1785ರಲ್ಲಿ ಕೋಟೆ ಬಿದ್ದು, ಅವನು ಕಬ್ಬಾಳದುರ್ಗದ ಸೆರೆಯನ್ನು ಸೇರಿದನು. ಇದರಿಂದ ಹೊತ್ತಿದ ಮರಾಠ-ಮೈಸೂರು ಯುದ್ಧವು 1787ರಲ್ಲಿ ಮುಗಿದದ್ದು ಗಜೇಂದ್ರಗಡದ ಒಪ್ಪಂದದಿಂದ. ಒಂದು ಗುಡ್ಡದ ಕಲಹಕ್ಕೆ ನೆರೆಯ ಇನ್ನೊಂದು ಗುಡ್ಡದ ಊರು ಸಂಧಿಪೀಠವಾದದ್ದು ಈ ಸೀಮೆಯ ಇತಿಹಾಸದಲ್ಲಿ ನೆನೆಯತಕ್ಕ ಸಂಗತಿ.

ಸಂಸ್ಥಾನದ ಕೊನೆಯ ಒಡೆಯ ಭಾಸ್ಕರರಾವ್ ಭಾವೆ. ಜನ ಕರೆದದ್ದು ಬಾಬಾಸಾಹೇಬನೆಂದು. ಸಂಸ್ಕೃತ ಗ್ರಂಥಗಳನ್ನು ಅಕ್ಕರೆಯಿಂದ ಕೂಡಿಹಾಕಿದ ಈ ವಿದ್ಯಾವಂತನಿಗೆ ಔರಸ ಸಂತಾನವಿರಲಿಲ್ಲ. ದತ್ತಕಕ್ಕೆ ಕಂಪನಿ ಸರಕಾರ ಒಪ್ಪಲಿಲ್ಲ. ಅದರ ಮೇಲೆ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯೂ ಬಂದಿತು. ಅದೇ ಆಜ್ಞೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು 1857ರಲ್ಲಿ ಎದ್ದು ನಾಶವಾದದ್ದನ್ನು ಅವನು ಬಲ್ಲನು. ಆದರೂ 1858ರ ಮೇ 29ರ ರಾತ್ರಿ, ರಾಮದುರ್ಗದ ಸಮೀಪದ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಬಾಬಾಸಾಹೇಬನ ದಂಡು ಕೊಂದು, ತಲೆಯನ್ನು ನರಗುಂದಕ್ಕೆ ತಂದಿತು. ಜೂನ್ 1ರಂದು ಕರ್ನಲ್ ಮಾಲ್ಕಮ್ಮನ ಸೈನ್ಯ ಊರ ಮುಂದೆ ಕಾಣಿಸಿಕೊಂಡಿತು. ಮರುದಿನ ಕೋಟೆ ಅದರ ಕೈಸೇರಿತು. ತೊರಗಲ್ಲಿನ ಕಾಡಿನಲ್ಲಿ ಸೆರೆಸಿಕ್ಕ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯ ಮಡುವಿಗೆ ಬಿದ್ದು ಪ್ರಾಣ ನೀಗಿದರು. ಹದಿನೈದು ದಿನಗಳೊಳಗೆ ಒಂದು ಮನೆತನ, ಒಂದು ಗ್ರಂಥಭಂಡಾರ, ಒಂದು ಆಸ್ಥಾನ ಎಲ್ಲವೂ ಕಣ್ಮರೆಯಾದವು. ಇಂದು ಗುಡ್ಡವೇರಿದವನಿಗೆ ಕಾಣುವುದು ಮುರಿದ ಗೋಡೆಗಳು ಮತ್ತು ಮಳೆನೀರಿನ ಹೊಂಡಗಳು.

ಗಜೇಂದ್ರಗಡದ ಭಾಗ್ಯ ಇದಕ್ಕಿಂತ ಸೌಮ್ಯವಾದುದು. ಘೋರ್ಪಡೆಯವರ ಈ ಊರಿನಲ್ಲಿ ಅರಮನೆಯೂ ಕೋಟೆಯೂ ಉಳಿದಿವೆ. ಎದುರಿನ ಬೆಟ್ಟದ ಕಾಲಕಾಲೇಶ್ವರನ ಸನ್ನಿಧಿಯನ್ನು ಭಕ್ತರು ದಕ್ಷಿಣಕಾಶಿಯೆಂದು ಕರೆಯುತ್ತಾರೆ. ಅಲ್ಲಿ ಬಂಡೆಯ ಬಿರುಕಿನಿಂದ ಮರದ ಬೇರುಗಳ ನಡುವೆ ಹನಿಹನಿಯಾಗಿ ಒಸರುವ ಅಂತರಗಂಗೆಯು ಕಡುಬೇಸಗೆಯಲ್ಲಿಯೂ ಬತ್ತದು. ಮಳೆ ಕಡಿಮೆಯಾದ ನಾಡಿನಲ್ಲಿ ನೀರೇ ಕ್ಷೇತ್ರವನ್ನು ಹುಟ್ಟಿಸುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ. ಊರ ಮಗ್ಗಗಳಲ್ಲಿ ನೇಯ್ದ 'ಪಟ್ಟೇದ ಅಂಚು' ಎಂಬ ಹತ್ತಿಯ ಸೀರೆ, ಹೊಲದ ದುಡಿಮೆಗೆ ಒಗ್ಗುವ ದಪ್ಪ ನೂಲಿನದು, ನಡುವೆ ಮರೆಯಾಗಿ ಈಚೆಗೆ ಮತ್ತೆ ಮಗ್ಗ ಏರಿದೆ. ಬೆಟ್ಟಗಳ ನೆತ್ತಿಯ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತವೆ.

ಇದೇ ಸೀಮೆಯ ಇನ್ನೊಂದು ಊರಾದ ರೋಣಕ್ಕೆ ದ್ರೋಣಪುರವೆಂಬ ಪುರಾಣಖ್ಯಾತಿಯೂ ಪ್ರಾಚೀನ ಗುಡಿಗಳ ಗುಂಪೂ ಉಂಟು. ಸಮೀಪದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಜೋಡುಕಳಸದ ಗುಡಿಯನ್ನೂ ಕೆತ್ತನೆಯ ಕಲ್ಲುಗೋಡೆಗಳ ನಾಗಕುಂಡವನ್ನೂ ನೋಡದೆ ಮರಳಬಾರದು.

ಈ ಸೀಮೆಯ ಪರಿಸರದ ಕಥೆ ನೀರಿನ ಅಭಾವದಿಂದ ನೀರಿನ ಆಧಿಕ್ಯಕ್ಕೂ ತಿರುಗಿದೆ. ಮಲಪ್ರಭಾ ಕಾಲುವೆ ಬಂದಾಗ ಅಭಿವೃದ್ಧಿ ಕರದ ಹೊರೆಯನ್ನು ತಾಳಲಾರದೆ ರೈತರು 1980ರ ಜುಲೈ 21ರಂದು ನರಗುಂದದಲ್ಲಿ ಸಿಡಿದೆದ್ದರು, ಗುಂಡೇಟಿನಿಂದ ಪ್ರಾಣಹಾನಿಯೂ ಆಯಿತು. ಮಹದಾಯಿ ನದಿಯ ನೀರಿಗಾಗಿ 2015ರಲ್ಲಿ ಅದೇ ಊರು ಮತ್ತೆ ಧರಣಿ ಕುಳಿತಿತು. ಇತ್ತ ಹಳೆಯ ಮನೆಗಳ ನೆಲದಡಿ ಜೋಳ ತುಂಬಿಡಲು ಹಿರಿಯರು ತೋಡಿದ್ದ ಹಗೇವುಗಳು ಬರಿದಾಗಿ ಮರೆತುಹೋಗಿರಲು, ಅಂತರ್ಜಲ ಮೇಲೇರಿ ಮಣ್ಣು ನೆನೆದು, ಪಟ್ಟಣದಲ್ಲಿ ಅಲ್ಲಲ್ಲಿ ನೆಲ ಕುಸಿಯತೊಡಗಿದೆ. ಬರಗಾಲವನ್ನು ಗೆಲ್ಲಲು ಮಾಡಿದ ಜಾಣ್ಮೆಯೇ ನೀರು ಬಂದ ಕಾಲಕ್ಕೆ ಆತಂಕವಾದದ್ದು ಮನಸ್ಸನ್ನು ಕಲಕುತ್ತದೆ.

ಹುಬ್ಬಳ್ಳಿಯಿಂದ ಬಾದಾಮಿಗೆ ಹೋಗುವ ಪ್ರವಾಸಿಗಳು ನರಗುಂದದ ಗುಡ್ಡದಡಿಯಲ್ಲಿಯೇ ಹಾದುಹೋಗುತ್ತಾರೆ; ಇಳಿಯುವವರು ವಿರಳ. ಹಿಂಗಾರಿ ಪೈರು ನಿಂತ ಮಾಗಿಯ ಬೆಳಗಿನಲ್ಲಿ ಗುಡ್ಡವೇರಿದರೆ, ಜೋಳ, ಕಡಲೆ, ಕುಸುಬೆಗಳ ಹೊಲಗಳು ದಿಗಂತದವರೆಗೆ ಹಾಸಿಕೊಂಡಿರುವುದನ್ನು ನೋಡಬಹುದು.