ಬ್ರೇಕು ಬದಲಾಗಿದೆ, ಕಾಲಿಗೆ ಹೇಳ್ಬೇಕು

ಅಡುಗೆಮನೆಯಿಂದ ಸೌದೆ ಒಲೆ ಹೋಯ್ತು, ಸೀಮೆಎಣ್ಣೆ ಪಂಪ್ ಸ್ಟೌವ್ ಬಂತು. ಆಮೇಲೆ ಗ್ಯಾಸು, ಈಗ ಇಂಡಕ್ಷನ್ನು. ಒಲೆ ಬದಲಾದಾಗೆಲ್ಲ ನಮ್ಮ ಕೈ ಹೊಸದಾಗಿ ಪಾಠ ಕಲೀತು. ಪಂಪ್ ಸ್ಟೌವಿಗೆ ಹೊಡೆದ ಹಾಗೆ ಗ್ಯಾಸ್ ಒಲೆಗೆ ಯಾರಾದ್ರೂ ಪಂಪ್ ಹೊಡೀತಾರಾ? ಇಲ್ಲ. ಆದ್ರೆ ಮನೆ ಮುಂದೆ ನಿಂತಿರೋ ಕಾರಿನ ವಿಷಯದಲ್ಲಿ ನಾವು ಈ ಬುದ್ಧಿ ಉಪಯೋಗಿಸಿಲ್ಲ ಕಣ್ರೀ. ಕಾರು ಮೂರು ನಾಲ್ಕು ಸಲ ಬದಲಾಗಿದೆ, ಬ್ರೇಕು ಪೂರ್ತಿ ಬೇರೆ ಜಾತಿ ಆಗಿದೆ. ಆದ್ರೂ ಅಪ್ಪ ಚಿಕ್ಕಪ್ಪಂದಿರು ಹೇಳಿಕೊಟ್ಟ ಹಳೇ ಪಾಠನೇ ಮಕ್ಕಳಿಗೂ ಸೊಸೆಯರಿಗೂ ದಾಟಿಸ್ತಾ ಇದ್ದೀವಿ. ಅದರಿಂದ ಏನಾಗುತ್ತೆ ಅಂತ ಹೇಳೋಕೆ ಈ ಸಲ ಬ್ರೇಕಿನ ಕಥೆ ಬರೀತಿದ್ದೀನಿ. ನಮ್ಮ ರಾಜಾಜಿನಗರ, ಬಸವೇಶ್ವರನಗರದ ಕಡೆ ಈಗ ಮನೆಗೊಬ್ಬ ಹೆಣ್ಣುಮಗಳಾದ್ರೂ ಕಾರು ಓಡಿಸ್ತಾಳೆ. ಇದು ಗಂಡಸರ ವಿಷಯ ಅಂತ ಪಕ್ಕಕ್ಕಿಡಬೇಡಿ.

ನಾನು ಚಿಕ್ಕವಳಿದ್ದಾಗ ನಮ್ಮ ಬೀದೀಲಿ ಇದ್ದಿದ್ದು ಎರಡೇ ಥರ ಕಾರು ಅಂದ್ರೂ ತಪ್ಪಿಲ್ಲ. ಒಂದು ಅಂಬಾಸಿಡರ್, ಇನ್ನೊಂದು ಫಿಯೆಟ್. ಎಲ್ಲೋ ಒಬ್ಬರ ಮನೇಲಿ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇರ್ತಿತ್ತು. ಅಂಬಾಸಿಡರ್ ಬರ್ತಿದ್ದಿದ್ದು ಕಲ್ಕತ್ತಾ ಹತ್ತಿರದ ಉತ್ತರಪಾರದಿಂದ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು ಅದು. ಫಿಯೆಟ್ ಬೊಂಬಾಯಿಯ ಕುರ್ಲಾದಲ್ಲಿ ತಯಾರಾಗ್ತಿತ್ತು, ಆಮೇಲೆ ಅದಕ್ಕೇ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾಯ್ತು. ಇವೆಲ್ಲ 1950-60ರ ದಶಕದ ವಿನ್ಯಾಸಗಳು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು.

ಡ್ರಮ್ ಅಂದ್ರೆ ಏನು ಅಂತ ಹೇಳ್ತೀನಿ. ಚಕ್ರದ ಜೊತೆ ಸುತ್ತೋ ಒಂದು ಕಬ್ಬಿಣದ ಬೋಗುಣಿ ಅಂದ್ಕೊಳ್ಳಿ. ಅದರ ಒಳಗೆ ಅರ್ಧಚಂದ್ರದ ಆಕಾರದ ಎರಡು ಪಟ್ಟಿ ಇರುತ್ತೆ, ಮೆಕ್ಯಾನಿಕ್ಕುಗಳು ಅದಕ್ಕೆ ಶೂ ಅಂತಾರೆ. ಬ್ರೇಕ್ ತುಳಿದಾಗ ಆ ಶೂಗಳು ಹೊರಗಡೆಗೆ ಅಗಲವಾಗಿ, ತಿರುಗೋ ಬೋಗುಣಿಯ ಒಳಮೈಗೆ ಒತ್ತಿಕೊಳ್ಳುತ್ತೆ. ಇದರಲ್ಲಿ ಒಂದು ಒಳ್ಳೇ ಗುಣ ಇದೆ. ಸುತ್ತೋ ಡ್ರಮ್ಮೇ ಶೂನ ತನ್ನ ಕಡೆ ಇನ್ನಷ್ಟು ಎಳ್ಕೊಳ್ಳುತ್ತೆ. ಹಾಗಾಗಿ ಬೇರೆ ಯಾವ ಸಹಾಯ ಇಲ್ಲದೇನೂ, ಬರೀ ಕಾಲಿನ ಬಲದಲ್ಲಿ ಅಂಥಾ ಭಾರದ ಅಂಬಾಸಿಡರ್ ನಿಲ್ತಿತ್ತು.

ಕೆಟ್ಟ ಗುಣ ಅಂದ್ರೆ ಶಾಖ. ಬ್ರೇಕು ಮಾಡೋ ಕೆಲಸನೇ ಓಟವನ್ನ ಶಾಖ ಮಾಡೋದು. ಮುಚ್ಚಿದ ಡಬ್ಬದೊಳಗೆ ಹುಟ್ಟಿದ ಶಾಖ ಬೇಗ ಹೊರಗೆ ಹೋಗಲ್ಲ. ನಮ್ಮ ಕಡೆಯೋರು ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೊರಟ್ರೆ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳೀಬೇಕಲ್ಲ. ಕಾರಲ್ಲಿ ಏಳೆಂಟು ಜನ, ಮೇಲೆ ಕ್ಯಾರಿಯರ್ ತುಂಬಾ ಹಾಸಿಗೆ, ಪಾತ್ರೆ. ಇಳಿಜಾರಿನಲ್ಲಿ ತುಳಿದೂ ತುಳಿದೂ ಡ್ರಮ್ ಕಾದು ಹಿಗ್ಗುತ್ತೆ. ಹಿಗ್ಗಿದ್ರೆ ಅದು ಶೂನಿಂದ ದೂರ ಸರಿಯುತ್ತೆ, ಶೂನ ಪಟ್ಟಿಯೂ ಕಾದು ಹಿಡಿತ ಕಳ್ಕೊಳ್ಳುತ್ತೆ. ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತೆ, ಸುಟ್ಟ ವಾಸನೆ ಬರುತ್ತೆ. ಆಗ ಚಿಕ್ಕಪ್ಪ ಎರಡು ಮೂರು ಸಲ ಪಟಪಟ ಅಂತ ತುಳಿದು ಪೆಡಲ್ ಮೇಲಕ್ಕೆ ತರ್ತಿದ್ರು. ಮರದ ನೆರಳಲ್ಲಿ ನಿಲ್ಲಿಸಿ, ಚಕ್ರ ಆರೋವರೆಗೂ ನಾವೆಲ್ಲ ಚಕ್ಕುಲಿ ತಿಂತಾ ಕೂರ್ತಿದ್ವಿ.

"ಬ್ರೇಕ್ ಪಂಪ್ ಮಾಡ್ಬೇಕು" ಅನ್ನೋ ಪಾಠ ಹುಟ್ಟಿದ್ದು ಹೀಗೆ. ಅದು ದಡ್ಡತನ ಅಲ್ಲ, ಆ ಕಾಲದ ಗಾಡಿಗೆ ಸರಿಯಾದ ಬುದ್ಧಿನೇ. ಮಳೆಗಾಲದಲ್ಲಿ ಓಕಳೀಪುರಂ ಅಂಡರ್‌ಪಾಸಿನ ನೀರು ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕ್ ಮೆಲ್ಲಗೆ ಒತ್ಕೊಂಡೇ ಹೋಗೋದು, ಅದೂ ಡ್ರಮ್ಮಿನ ಪಾಠ. ಒಳಗೆ ಸೇರಿದ ನೀರು ಒಣಗೋವರೆಗೂ ಬ್ರೇಕು ಹಿಡೀತಿರ್ಲಿಲ್ಲ.

ಇನ್ನೊಂದು ಮಾತೂ ಆ ಕಾಲದ್ದೇ. ನನ್ನ ಅಕ್ಕ ಕಾರು ಕಲಿಯೋಕೆ ಹೋದಾಗ ಹೇಳಿಕೊಡೋ ಮೇಷ್ಟ್ರು, "ಹೆಂಗಸರ ಕಾಲಿಗೆ ಈ ಪೆಡಲ್ ಬಗ್ಗಲ್ಲಮ್ಮ" ಅಂದ್ಬಿಟ್ರಂತೆ. ಒಂದು ಲೆಕ್ಕಕ್ಕೆ ಪೆಡಲ್ ಗಟ್ಟಿ ಇದ್ದಿದ್ದು ನಿಜ. ಆದ್ರೆ ಕುಂದು ಅಕ್ಕನ ಕಾಲಿಂದಲ್ಲ. ಗಂಡಸರ ಕಾಲಿನ ಅಳತೆ ಇಟ್ಕೊಂಡು ಆ ಗಾಡಿ ಮಾಡಿದ್ರು, ಅಷ್ಟೇ. ಅಕ್ಕ ಸೈಕಲ್ಲಿಗೇ ವಾಪಸ್ ಬಂದ್ಳು.

ಈಗ ಡಿಸ್ಕಿನ ಕಥೆಗೆ ಬರೋಣ. ಅದು ಹೊಸದು ಅಂದ್ಕೊಂಡಿದ್ದೀವಿ, ಆದ್ರೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅನ್ನೋ ಇಂಜಿನಿಯರ್ 1902ರಲ್ಲೇ ಅದಕ್ಕೆ ಪೇಟೆಂಟ್ ತಗೊಂಡಿದ್ರು. ಚಕ್ರದ ಜೊತೆ ದೋಸೆ ಕಾವಲಿ ಥರದ ಒಂದು ತಟ್ಟೆ ಸುತ್ತುತ್ತೆ. ಎರಡೂ ಕಡೆಯಿಂದ ಇಕ್ಕಳದ ಹಾಗೆ ಅದನ್ನ ಹಿಡ್ಕೊಂಡ್ರೆ ಚಕ್ರ ನಿಲ್ಲುತ್ತೆ. ಆದ್ರೆ ಆಗಿನ ತಾಮ್ರದ ಪಟ್ಟಿ ಕಿರ್ರೋ ಅಂತ ಕಿವಿ ಕೊರೀತಿತ್ತಂತೆ. ಧೂಳು ತುಂಬಿದ ರಸ್ತೇಲಿ ಬಿಚ್ಚಿಟ್ಟ ತಟ್ಟೆ ಬೇಗ ಸವೀತಿತ್ತು. ಮುಚ್ಚಿದ ಡ್ರಮ್ಮೇ ಗೆದ್ದಿತು.

ಅರ್ಧ ಶತಮಾನ ಆದಮೇಲೆ, 1953ರಲ್ಲಿ, ಫ್ರಾನ್ಸಿನ ಲೆ ಮಾನ್ಸ್ ಅನ್ನೋ ಊರಿನ 24 ಗಂಟೆಗಳ ಕಾರ್ ಪಂದ್ಯವನ್ನ ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ್ದ ಜಾಗ್ವಾರ್ ಕಾರು ಗೆದ್ದಿತು. ಹಗಲೂ ರಾತ್ರಿ ಓಡಿದ್ರೂ ಆ ಬ್ರೇಕು ಬಳಲಲಿಲ್ಲ. ಕಾರಣ ಸುಲಭ. ಒಲೆಯಿಂದ ಇಳಿಸಿದ ಕಾವಲಿ ಬೇಗ ಆರುತ್ತೆ, ಮುಚ್ಚಳ ಮುಚ್ಚಿದ ಕುಕ್ಕರ್ ಬೇಗ ಆರಲ್ಲ. ಬಿಚ್ಚಿದ ತಟ್ಟೆಗೆ ಗಾಳಿ ಬಡಿಯುತ್ತೆ, ನೀರು ಬಿದ್ರೂ ಸುತ್ತೋ ರಭಸಕ್ಕೆ ಚಿಮ್ಮಿ ಹೋಗುತ್ತೆ. ಎರಡೇ ವರ್ಷಕ್ಕೆ, 1955ರಲ್ಲಿ, ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಕಾರು ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕ್ಕೊಂಡು ಸಾಧಾರಣ ಜನರ ಮನೆಗೂ ಬಂತು. ನಾವು ಮಾತ್ರ ಅದೇ ಹಳೇ ಅಚ್ಚುಗಳನ್ನ ಹಿಡ್ಕೊಂಡು ಇನ್ನೂ ಮೂವತ್ತು ವರ್ಷ ಡ್ರಮ್ಮಿನಲ್ಲೇ ಘಾಟಿ ಇಳಿದ್ವಿ.

ನಮ್ಮಂಥೋರ ಮನೆಗೆ ಡಿಸ್ಕ್ ತಂದಿದ್ದು ಮಾರುತಿ 800. ಮೊದಲನೇ ಮಾರುತಿ ರಸ್ತೆಗಿಳಿದಿದ್ದು 1983ರ ಡಿಸೆಂಬರಿನಲ್ಲಿ, 1986ರಲ್ಲಿ ಹೊಸ ಆಕಾರದ್ದು ಬಂತು. ನಮ್ಮನೆಗೆ ಬಂದಿದ್ದು ಸೆಕೆಂಡ್ ಹ್ಯಾಂಡ್ ಗಾಡಿ, ಹಾಲುಬಿಳಿ ಬಣ್ಣದ್ದು. ಮುಂದೆ ಡಿಸ್ಕ್, ಹಿಂದೆ ಡ್ರಮ್. ನಾನು ಕಾರು ಕಲಿತಿದ್ದೇ ಅದರಲ್ಲಿ, ವಿಜಯನಗರದ ಒಳಗಿನ ಕ್ರಾಸುಗಳಲ್ಲಿ. ಅಂಬಾಸಿಡರಿನಲ್ಲಿ ಕಾಲು ಒತ್ತಿ, ಸ್ವಲ್ಪ ಕಾದು, ಆಮೇಲೆ ಗಾಡಿ ನಿಧಾನ ಆಗ್ತಿತ್ತು. ಇದರಲ್ಲಿ ಒತ್ತಿದ ತಕ್ಷಣ ಕಚ್ಕೊಳ್ಳೋದು. ಎಷ್ಟು ಒತ್ತಿದ್ರೆ ಅಷ್ಟು, ಉಪ್ಪು ಹಾಕೋ ಹಾಗೆ ಅಳತೆಗೆ ಸಿಗೋದು.

ಡಿಸ್ಕಿಗೆ ಡ್ರಮ್ಮಿನ ಹಾಗೆ ತಾನಾಗೇ ಎಳ್ಕೊಳ್ಳೋ ಗುಣ ಇಲ್ಲ, ಕಾಲಿನ ಬಲ ಜಾಸ್ತಿ ಬೇಕು. ನಮ್ಮ 800 ಹಗುರವಾದ ಗಾಡಿ, ಬರೀ ಕಾಲಿಗೇ ಬಗ್ತಿತ್ತು. ಆಮೇಲೆ ಬಂದ ಝೆನ್, ಸ್ಯಾಂಟ್ರೊ ಥರದ ಕಾರುಗಳಲ್ಲಿ ಬೂಸ್ಟರ್ ಅನ್ನೋ ದುಂಡಗಿನ ಡಬ್ಬಿ ಬಂತು. ಇಂಜಿನ್ ಓಡ್ತಿರೋವಾಗ ಸಿಗೋ ಗಾಳಿ ಸೆಳೆತದ ಬಲದಿಂದ ಅದು ನಮ್ಮ ಕಾಲಿಗೆ ಕೈಜೋಡಿಸುತ್ತೆ. ನಾದಿನಿಯ ಸ್ಯಾಂಟ್ರೊ ಮೊದಲ ಸಲ ಓಡಿಸಿದಾಗ ಪೆಡಲ್ ಬೆಣ್ಣೆ ಹಾಗಿತ್ತು. ಮೇಷ್ಟ್ರು ಅಕ್ಕನಿಗೆ ಹೇಳಿದ್ದ ಮಾತಿಗೆ ಉತ್ತರ ಕೊಟ್ಟಿದ್ದು ಆ ಡಬ್ಬಿ. ಪೆಡಲ್ ಹಗುರವಾಯ್ತು, ನಮ್ಮ ಕಡೆ ಹೆಂಗಸರು ಸ್ಟೀರಿಂಗ್ ಹಿಡಿಯೋಕೆ ಇದ್ದ ಒಂದು ನೆಪ ಹೋಯ್ತು.

ಇಲ್ಲೇ ಒಂದು ಅಪಾಯವೂ ಸೇರಿಕೊಂಡಿದೆ, ಗಮನ ಇಟ್ಟು ಓದಿ. ಪೆಟ್ರೋಲ್ ಉಳಿಸೋಕೆ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡೋದು ಹಳಬರ ಚಾಳಿ. ಬೂಸ್ಟರ್ ಇಲ್ಲದ ಗಾಡೀಲೂ ಅದು ಒಳ್ಳೇದಲ್ಲ, ಆದ್ರೆ ಪೆಡಲ್ ಮೊದಲಿನ ಹಾಗೇ ಇರ್ತಿತ್ತು. ಈಗಿನ ಗಾಡೀಲಿ ಇಂಜಿನ್ ನಿಂತಮೇಲೆ ಒಂದೆರಡು ಸಲ ತುಳಿಯೋವಷ್ಟು ಬಲ ಮಾತ್ರ ಬೂಸ್ಟರಿನಲ್ಲಿ ಉಳಿದಿರುತ್ತೆ. ಆಮೇಲೆ ಪೆಡಲ್ ರುಬ್ಬೋಕಲ್ಲಿನ ಹಾಗೆ ಗಟ್ಟಿ. ಪವರ್ ಸ್ಟೀರಿಂಗೂ ಭಾರ ಆಗುತ್ತೆ. ನಂದಿ ಬೆಟ್ಟ ಇಳಿಯೋವಾಗ ಪಂಪ್ ಮಾಡ್ತಾ, ಇಂಜಿನ್ ಆಫ್ ಮಾಡ್ಕೊಂಡು ಬಂದ್ರೆ ಎರಡು ಹಳೇ ಪಾಠ ಸೇರಿ ಒಂದು ಹೊಸ ಗಂಡಾಂತರ. ಎರಡನೇ ಗೇರ್ ಹಾಕಿ ಇಳೀರಿ, ಇಂಜಿನ್ನೇ ಗಾಡೀನ ಹಿಡ್ಕೊಳ್ಳುತ್ತೆ. ಈ ಪಾಠ ಮಾತ್ರ ಅಂದಿಗೂ ಇಂದಿಗೂ ಒಂದೇ.

ನಮ್ಮ ಮೈಸೂರು ರಸ್ತೆಯ ಕಥೆ ಇದರಲ್ಲೂ ಇದೆ. ಕೆಂಗೇರಿ ದಾಟಿ ಮುಂದೆ ಹೋದ್ರೆ ಬಿಡದಿ. 1997ರಲ್ಲಿ ಶುರುವಾದ ಟೊಯೋಟಾ ಕಿರ್ಲೋಸ್ಕರ್ ಕಂಪನಿ 2000ದಲ್ಲಿ ಅಲ್ಲಿಂದ ಕ್ವಾಲಿಸ್ ತಂತು, 2005ರಲ್ಲಿ ಇನ್ನೋವಾ. ಮದುವೆ, ಮುಂಜಿ, ತಿರುಪತಿ ಎಲ್ಲಕ್ಕೂ ಅದೇ ಗಾಡಿ. ಅಷ್ಟು ದೊಡ್ಡ ಇನ್ನೋವಾಕ್ಕೂ ಮುಂದೆ ಮಾತ್ರ ಡಿಸ್ಕ್, ಹಿಂದೆ ಡ್ರಮ್ಮೇ. ಯಾಕೆ ಅಂತೀರಾ? ಬ್ರೇಕ್ ಹಾಕಿದಾಗ ನಾವೆಲ್ಲ ಮುಂದಕ್ಕೆ ಮುಗ್ಗರಿಸ್ತೀವಲ್ಲ, ಗಾಡಿ ಭಾರವೂ ಹಾಗೇ ಮುಂದಿನ ಚಕ್ರದ ಮೇಲೆ ಬೀಳುತ್ತೆ. ಹೆಚ್ಚಿನ ಕೆಲಸ ಮುಂದಿನ ಬ್ರೇಕಿಂದೇ. ಹಿಂದೆ ಡ್ರಮ್ ಇದ್ರೆ ಖರ್ಚೂ ಕಡಿಮೆ, ಹ್ಯಾಂಡ್ ಬ್ರೇಕ್ ಜೋಡಿಸೋದೂ ಸುಲಭ. 2022ರ ಕೊನೇಲಿ ಬಂದ ಇನ್ನೋವಾ ಹೈಕ್ರಾಸಿಗೆ ಹಿಂದೇನೂ ಡಿಸ್ಕ್ ಬಂತು. ಹಿಂದೆ ಡ್ರಮ್ ಇದೆ ಅಂತ ನಿಮ್ಮ ಕಾರನ್ನ ಯಾರಾದ್ರೂ ಹೀಗಳೆದ್ರೆ ತಲೆ ಕೆಡಿಸ್ಕೋಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು, ಎಬಿಎಸ್. ಜೋರಾಗಿ ತುಳಿದಾಗ ಚಕ್ರ ಪೂರ್ತಿ ನಿಂತುಬಿಟ್ರೆ ಗಾಡಿ ಜಾರುತ್ತೆ, ಸ್ಟೀರಿಂಗ್ ತಿರುಗಿಸಿದ್ರೂ ಮಾತು ಕೇಳಲ್ಲ. ಅದಕ್ಕೇ ಹಿಂದಿನೋರು ತುಳಿದು ಬಿಟ್ಟು ತುಳಿದು ಬಿಟ್ಟು ಮಾಡ್ತಿದ್ದಿದ್ದು. ಆ ಕೆಲಸವನ್ನ ಸೆಕೆಂಡಿಗೆ ಎಷ್ಟೋ ಸಲ ತಾನೇ ಮಾಡೋ ಯಂತ್ರವನ್ನ ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಕಾರಿಗೆ ಕೊಟ್ಟಿತು. ನಮ್ಮ ದೇಶದಲ್ಲಿ 2019ರ ಏಪ್ರಿಲಿನಿಂದ ಹೊಸ ಕಾರಿಗೆಲ್ಲ ಅದು ಕಡ್ಡಾಯ. ಅಂದ್ರೆ ಪಂಪ್ ಮಾಡೋ ಕಾಲು ಈಗ ಗಾಡಿಯೊಳಗೇ ಇದೆ.

ಇದನ್ನ ಯಾರೂ ಹೇಳಿಕೊಡದೇ ಇದ್ರೆ ಏನಾಗುತ್ತೆ ಕೇಳಿ. ನಮ್ಮ ಪಕ್ಕದ ಮನೆ ಹುಡುಗಿ ಮಳೇಲಿ ಮೈಸೂರು ರಸ್ತೇಲಿ ಬರ್ತಿದ್ಳು. ನಾಯಂಡಹಳ್ಳಿ ಹತ್ತಿರ ಮುಂದಿನ ಆಟೋ ಗಕ್ಕನೆ ನಿಂತ್ಕೊಂತು. ಇವಳು ಜೋರಾಗಿ ತುಳಿದ್ಳು. ಪೆಡಲ್ ಕಾಲಡಿ ಗಡಗಡ ಅಂತು, ಕೆಳಗಿಂದ ಸದ್ದು ಬಂತು. ಏನೋ ಮುರೀತು ಅಂತ ಹೆದರಿ ಕಾಲು ತೆಗೆದುಬಿಟ್ಳು. ಮತ್ತೆ ತುಳಿದು ಗಾಡಿ ನಿಲ್ಲಿಸೋ ಹೊತ್ತಿಗೆ ಆಟೋಗೂ ಕಾರಿಗೂ ಮೊಳದಷ್ಟು ಜಾಗ ಉಳಿದಿತ್ತು. ಆಟೋದಲ್ಲಿ ಎರಡು ಮಕ್ಕಳು ಕೂತಿದ್ವಂತೆ. ಮನೆಗೆ ಬಂದು ಹೇಳಿದ್ರೆ ಅವರ ದೊಡ್ಡಪ್ಪ, "ಅದಕ್ಕೇ ಹೇಳಿದ್ದು, ಪಂಪ್ ಮಾಡು ಅಂತ" ಅಂದ್ರು. ನಾನು ಅಲ್ಲೇ ಇದ್ದೆ. "ಇಲ್ಲ ಕಣ್ರೀ, ಆ ಗಡಗಡನೇ ಅದು ಕೆಲಸ ಮಾಡ್ತಿರೋ ಲಕ್ಷಣ. ಕಾಲು ತೆಗೀಬಾರ್ದಿತ್ತು ಅಷ್ಟೇ" ಅಂದೆ. ಮಾರನೇ ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಅವಳನ್ನ ಕೂರಿಸಿ, ಬೇಕಂತಲೇ ಜೋರಾಗಿ ತುಳಿಸಿ ಆ ನಡುಕ ಹೇಗಿರುತ್ತೆ ಅಂತ ಅಭ್ಯಾಸ ಮಾಡಿಸಿದ್ವಿ. ಈಗ ಅವಳಿಗೆ ಭಯ ಇಲ್ಲ.

ಮುಂದಿನ ಬದಲಾವಣೆಯೂ ಬಾಗಿಲಿಗೆ ಬಂದಾಗಿದೆ. ನಮ್ಮ ಬೆಂಗಳೂರಿನ ರೇವಾ ಕರೆಂಟ್ ಕಾರು 2001ರಲ್ಲೇ ಬಂದಿತ್ತಲ್ಲ, ಅದರಲ್ಲಿ ಗಾಡಿ ನಿಧಾನ ಆಗೋವಾಗ ಮೋಟಾರೇ ಉಲ್ಟಾ ಕೆಲಸ ಮಾಡಿ ಬ್ಯಾಟರಿಗೆ ಸ್ವಲ್ಪ ಕರೆಂಟ್ ವಾಪಸ್ ಕೊಡ್ತಿತ್ತು. ಈಗಿನ ಕರೆಂಟ್ ಕಾರುಗಳಲ್ಲೂ ಹಾಗೇ. ಎಕ್ಸಲರೇಟರಿನಿಂದ ಕಾಲು ತೆಗೆದ್ರೇ ಗಾಡಿ ನಿಧಾನ ಆಗುತ್ತೆ, ಬ್ರೇಕಿಗೆ ಕೆಲಸ ಕಡಿಮೆ. ಕೆಲಸ ಇಲ್ಲದ ಡಿಸ್ಕು ತುಕ್ಕು ಹಿಡಿಯುತ್ತೆ ನೋಡಿ, ಅದಕ್ಕೇ ಜರ್ಮನಿಯ ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಅನ್ನೋ ಕರೆಂಟ್ ಕಾರುಗಳ ಹಿಂದಿನ ಚಕ್ರಕ್ಕೆ ಮತ್ತೆ ಮುಚ್ಚಿದ ಡ್ರಮ್ಮೇ ಹಾಕಿದೆ. ಅಟ್ಟ ಸೇರಿದ್ದ ಹಿತ್ತಾಳೆ ಪಾತ್ರೆ ಮತ್ತೆ ಅಡುಗೆಮನೆಗೆ ಇಳಿದ ಹಾಗಾಯ್ತು.

ಇನ್ನು ನಾವು ಮಾಡ್ಬೇಕಾದ್ದು. ಸೀಟು ಸರಿಮಾಡ್ಕೊಳ್ಳಿ, ಬ್ರೇಕ್ ಪೂರ್ತಿ ತುಳಿದಾಗ್ಲೂ ಮಂಡಿ ಸ್ವಲ್ಪ ಬಗ್ಗಿರ್ಬೇಕು. ಎಬಿಎಸ್ ಇದ್ರೆ ತುರ್ತಿನಲ್ಲಿ ಪೂರ್ತಿ ತುಳೀರಿ, ನಡುಗಿದ್ರೂ ಕಾಲು ತೆಗೀಬೇಡಿ, ಸ್ಟೀರಿಂಗ್ ನಿಮ್ಮ ಮಾತು ಕೇಳುತ್ತೆ. ಗಾಡಿ ತೊಳೆದ ಮಾರನೇ ದಿನ ಮೊದಲನೇ ಬ್ರೇಕಿಗೆ ಕರಕರ ಸದ್ದು ಬಂದ್ರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ಎರಡು ಸಲ ತುಳಿದ್ರೆ ಹೋಗುತ್ತೆ. ಹೋಗದೇ ದಿನಾ ಕಿರ್ರೆಂದ್ರೆ ಪ್ಯಾಡ್ ತೋರಿಸಿ. ಯಾವ ಬ್ರೇಕ್ ಇದ್ರೂ ಕೊನೆಗೆ ರಸ್ತೆ ಹಿಡಿಯೋದು ಟೈರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ರೆ ಕಣ್ಣು ನೋಡಿ ಕಾಲು ತುಳಿಯೋ ಒಂದು ಸೆಕೆಂಡಿನಲ್ಲೇ ಗಾಡಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತೆ. ಆ 17 ಮೀಟರನ್ನ ಯಾವ ಡಿಸ್ಕೂ ವಾಪಸ್ ಕೊಡಲ್ಲ.

ಮನೇಲಿ ಹೊಸದಾಗಿ ಕಾರು ಕಲೀತಿರೋ ಸೊಸೇನೋ ಮಗಳೋ ಇದ್ರೆ ಇದನ್ನ ಓದಿ ಹೇಳಿ. ಹಾಗೇ ನಿಮ್ಮನೇಲಿ ಮೊದಲು ಯಾವ ಗಾಡಿ ಇತ್ತು, ಅದರ ಬ್ರೇಕು ಹೇಗಿತ್ತು ಅಂತ ಸಿಕ್ಕಾಗ ನನಗೂ ಹೇಳಿ. ಅತ್ತೆಯಂದಿರು, ದೊಡ್ಡಮ್ಮಂದಿರು ಇದ್ರೆ ಅವರನ್ನೂ ಕೇಳಿ, ಹಿಂದಿನ ಸೀಟಲ್ಲಿ ಕೂತು ಎಲ್ಲ ಘಾಟಿ ಇಳಿದಿರೋರು ಅವರೇ ಅಲ್ವಾ.